ಜಮೀನು, ಪಾಲು, ಕೋರ್ಟು: ಮಂಡ್ಯ-ಮೈಸೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ವಕೀಲ ಅಲ್ಲ. ಆದರೆ ದಿನಾ ಪಹಣಿ, ಕ್ರಯಪತ್ರ, ಕೋರ್ಟ್ ನೋಟಿಸು ಹಿಡಿದುಕೊಂಡು ಬರುವವರ ಮಧ್ಯೆಯೇ ಕೂತಿರುತ್ತೇನೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಪೇಪರಲ್ಲಿ ಬಂದಿತ್ತಲ್ಲ, ನಮಗೂ ಸಿಗುತ್ತಾ?" ನಾನು ತಿರುಗಿ ಕೇಳುವುದೂ ಒಂದೇ: ತಾರೀಕು ಹೇಳಿ. ಅಪ್ಪ ಯಾವಾಗ ತೀರಿಕೊಂಡರು, ಪಾಲು ಯಾವಾಗ ಆಯ್ತು, ರಿಜಿಸ್ಟರ್ ಯಾವಾಗ ಆಯ್ತು. ಜಮೀನಿನ ಕೇಸುಗಳಲ್ಲಿ ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತೆ. ಕೆಳಗಿನದೆಲ್ಲ ಕರ್ನಾಟಕದ ಕಾನೂನು, ನಮ್ಮ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಹೇಳಿರುವುದರ ಮೇಲೆ ಬರೆದದ್ದು.

ಪೇಪರಲ್ಲಿ ಬಂದ ತೀರ್ಪು ನನ್ನ ಕೇಸಿಗೂ ತಾನಾಗಿಯೇ ಅನ್ವಯ ಆಗುತ್ತಾ?

ತಾನಾಗಿ ಆಗಲ್ಲ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ಕೋರ್ಟುಗಳಿಗೂ ಕಟ್ಟಳೆ. ಕರ್ನಾಟಕ ಹೈಕೋರ್ಟ್ ಹೇಳಿದ್ದು ರಾಜ್ಯದ ಕೆಳಗಿನ ಕೋರ್ಟುಗಳಿಗೆಲ್ಲ ಕಟ್ಟಳೆ. ಆದರೆ ಅದನ್ನು ನಿಮ್ಮ ದಾವೆಯಲ್ಲಿ ನಿಮ್ಮ ವಕೀಲರು ಎತ್ತಿ ಹೇಳಬೇಕು, ನಿಮ್ಮ ಕಾಗದಪತ್ರ ಅದಕ್ಕೆ ಹೊಂದಬೇಕು. ದಾವೆಯನ್ನೇ ಹಾಕದೆ "ತೀರ್ಪು ಬಂದಿದೆ, ಖಾತೆ ಮಾಡಿಕೊಡಿ" ಅಂತ ನಾಡಕಚೇರಿಗೆ ಹೋದರೆ ಏನೂ ನಡೆಯಲ್ಲ.

ಇನ್ನೊಂದು ಅನುಮಾನ ಜಾಸ್ತಿ ಜನಕ್ಕೆ ಇದೆ: "ಅದು ಧಾರವಾಡದ ತೀರ್ಪು, ನಮಗೆ ನಡೆಯುತ್ತಾ?" ನಡೆಯುತ್ತೆ. ಧಾರವಾಡ, ಕಲಬುರಗಿ ಪೀಠಗಳು ಬೇರೆ ಹೈಕೋರ್ಟ್ ಅಲ್ಲ, ಒಂದೇ ಹೈಕೋರ್ಟಿನ ಪೀಠಗಳು. ಮಂಡ್ಯ, ಮೈಸೂರಿನ ಕೇಸು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತೆ, ಅಷ್ಟೇ ವ್ಯತ್ಯಾಸ. ಆದರೆ ಒಬ್ಬ ನ್ಯಾಯಮೂರ್ತಿ ಕೊಟ್ಟದ್ದೋ, ಇಬ್ಬರ ವಿಭಾಗೀಯ ಪೀಠದ್ದೋ, ಪೂರ್ಣಪೀಠದ್ದೋ ಅಂತ ನೋಡಬೇಕು. ದೊಡ್ಡ ಪೀಠದ ಮಾತೇ ನಿಲ್ಲುವುದು.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಇದೆಯಾ, ಇಲ್ವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇದೆ. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ಇವತ್ತಿನ ಉತ್ತರ ಇಷ್ಟು ಸರಳ. ಒಬ್ಬೊಬ್ಬರು ಒಂದೊಂದು ಹೇಳುವುದು ಯಾಕೆಂದರೆ ಕಾನೂನೇ ಹಲವು ಸಲ ತಿರುಗಿದೆ, ಪ್ರತಿಯೊಬ್ಬರೂ ತಮ್ಮ ಕಾಲದ ಕಾನೂನನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ.

ನಮ್ಮ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿಯವರ ಕಾಲದಲ್ಲೇ, 1933ರಲ್ಲಿ, ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. ಪೂರ್ತಿ ಸಮಪಾಲು ಏನಲ್ಲ. ಆದರೂ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದರಲ್ಲಿ ಒಟ್ಟು ಕುಟುಂಬದ ಆಸ್ತಿಗೆ ಹುಟ್ಟಿನಿಂದ ಹಕ್ಕುದಾರರು ಗಂಡುಮಕ್ಕಳು ಮಾತ್ರ. 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ ಹೆಣ್ಣುಮಕ್ಕಳನ್ನೂ ಸೇರಿಸಿತು. ಆದರೆ ತಿದ್ದುಪಡಿಗೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ನಮ್ಮೂರ ಹಿರಿಯರು "ಮದುವೆ ಆದವಳಿಗೆ ಇಲ್ಲ" ಅಂತ ಈಗಲೂ ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ. ಅವರು ಸುಳ್ಳು ಹೇಳುತ್ತಿಲ್ಲ, ಹಳೇದು ಹೇಳುತ್ತಿದ್ದಾರೆ.

2005ರಲ್ಲಿ ಸಂಸತ್ತು ಇಡೀ ದೇಶಕ್ಕೆ ತಿದ್ದುಪಡಿ ತಂತು. ಜಾರಿಗೆ ಬಂದದ್ದು 9 ಸೆಪ್ಟೆಂಬರ್ 2005. ಅದರಲ್ಲಿ ಮದುವೆಯಾದವರು, ಆಗದವರು ಅನ್ನುವ ಭೇದವೇ ಇಲ್ಲ. ಆಮೇಲೂ ಜಗಳ ನಿಲ್ಲಲಿಲ್ಲ. ಆ ದಿನ ಅಪ್ಪ ಬದುಕಿರಬೇಕಾ, ಬೇಡವಾ ಅನ್ನುವುದೇ ಪ್ರಶ್ನೆಯಾಯ್ತು. ತಮಾಷೆ ಅಂದರೆ ಇದರ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ಮುಖ್ಯ ತೀರ್ಪುಗಳೂ ಕರ್ನಾಟಕದಿಂದ ಹೋದ ಕೇಸುಗಳವು, ಎರಡೂ ಒಂದಕ್ಕೊಂದು ಎದುರು ನಿಂತವು. 2015ರ ಪ್ರಕಾಶ್-ಫುಲಾವತಿ ಕೇಸಿನಲ್ಲಿ ಅಪ್ಪ ಬದುಕಿರಬೇಕು ಅಂದರು. 2018ರ ದಾನಮ್ಮ ಕೇಸಿನಲ್ಲಿ 2001ರಲ್ಲೇ ತೀರಿಕೊಂಡ ಅಪ್ಪನ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರು. ಕೆಳಗಿನ ಕೋರ್ಟಿನಲ್ಲಿ ವಾದಿ ವಕೀಲರು ಒಂದನ್ನು, ಪ್ರತಿವಾದಿ ವಕೀಲರು ಇನ್ನೊಂದನ್ನು ಹಿಡಿದುಕೊಂಡು ವಾದಿಸುವ ಹಾಗಾಯ್ತು. ಕೊನೆಗೆ 11 ಆಗಸ್ಟ್ 2020ರಂದು ವಿನೀತಾ ಶರ್ಮ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗಂಟು ಬಿಡಿಸಿತು. ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ, ಅಪ್ಪ 2005ರಲ್ಲಿ ಬದುಕಿರಲೇಬೇಕು ಅಂತೇನಿಲ್ಲ. ಈಗ ನಿಂತಿರುವುದು ಇದು.

ನನ್ನ ಮದುವೆ 1988ರಲ್ಲೇ ಆಯ್ತು. ಅಪ್ಪ 1999ರಲ್ಲಿ ಹೋದರು. ನನಗೂ ಇದೆಯಾ?

ಆಸ್ತಿ ಪಿತ್ರಾರ್ಜಿತವಾಗಿದ್ದು, 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ಡ್ ಪಾಲುಪತ್ರವಾಗಲಿ ಕೋರ್ಟ್ ಡಿಕ್ರಿಯಾಗಲಿ ಆಗಿಲ್ಲದಿದ್ದರೆ, ಇದೆ. ಈ ಡಿಸೆಂಬರ್ 20ನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ತಿದ್ದುಪಡಿ ಮಸೂದೆ ರಾಜ್ಯಸಭೆಗೆ ಬಂದ ದಿನ ಅದು. ಅದಕ್ಕೂ ಮುಂಚೆ ಕಾನೂನುಬದ್ಧವಾಗಿ ಆದ ಪಾಲು, ಮಾರಾಟ, ವಿಲ್ಲು ಯಾವುದನ್ನೂ ಮಗಳ ಹೊಸ ಹಕ್ಕಿನಿಂದ ಅಲ್ಲಾಡಿಸಲು ಬರಲ್ಲ.

ಅಕ್ಕ ತೀರಿಕೊಂಡಿದ್ದಾಳೆ, ಅದೂ 2005ಕ್ಕಿಂತ ಮುಂಚೆ. ಅವಳ ಮಕ್ಕಳು ತಾತನ ಜಮೀನಲ್ಲಿ ಪಾಲು ಕೇಳಬಹುದಾ?

ಕೇಳಬಹುದು ಅಂತ ನಮ್ಮ ಹೈಕೋರ್ಟ್ 2024ರಲ್ಲಿ ಹೇಳಿದೆ. ಹಕ್ಕು ಹುಟ್ಟಿನಿಂದ ಬಂದದ್ದು ಅಂದಮೇಲೆ ಅವಳು ಯಾವಾಗ ಸತ್ತಳು ಅನ್ನುವುದರ ಮೇಲೆ ಅದು ಹೋಗಬಾರದು ಅನ್ನುವ ತರ್ಕ. ನನಗೆ ಇದು ಸರಿಯೇ ಅನಿಸುತ್ತೆ, ಆದರೆ ಇದನ್ನು ಎದುರಿನವರು ಮೇಲಿನ ಕೋರ್ಟಿಗೆ ಒಯ್ಯುವ ಸಾಧ್ಯತೆ ಇದ್ದೇ ಇರುತ್ತೆ. ಹಾಗಾಗಿ ಬರೀ ಈ ಒಂದು ತೀರ್ಪಿನ ಮೇಲೆ ಭಾರ ಹಾಕಿ ಕೂರಬೇಡಿ.

ನಮ್ಮಣ್ಣ "ಪಂಚಾಯ್ತಿ ಪಾರಿಕತ್ತು ಯಾವತ್ತೋ ಆಗಿದೆ" ಅಂತ ಒಂದು ಹಳೇ ಪತ್ರ ತೋರಿಸ್ತಾನೆ. ಅಲ್ಲಿಗೆ ಮುಗೀತಾ?

ಮುಗಿಯಲಿಲ್ಲ. ಊರ ಯಜಮಾನರು ಕೂತು, ಮೂಡಲ ಹೊಲ ದೊಡ್ಡವನಿಗೆ, ನಾಲೆ ಕಡೆ ಗದ್ದೆ ಚಿಕ್ಕವನಿಗೆ ಅಂತ ಬರೆದ ಪಾರಿಕತ್ತು, ಅಂದರೆ ಪಾಲುಪಟ್ಟಿ, ನಮ್ಮ ಕಡೆ ಮನೆಮನೆಯಲ್ಲೂ ಇದೆ. ರಿಜಿಸ್ಟರ್ ಆಗದ ಪತ್ರವನ್ನೋ ಬಾಯಿಮಾತಿನ ಪಾಲನ್ನೋ ಕೋರ್ಟ್ ಸುಲಭಕ್ಕೆ ಒಪ್ಪಬಾರದು ಅಂತ ವಿನೀತಾ ಶರ್ಮ ತೀರ್ಪಿನಲ್ಲೇ ಇದೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಪಾಲು ನಿಜವಾಗಿ ಆಗಿತ್ತು ಅನ್ನುವುದಕ್ಕೆ ಸರ್ಕಾರಿ ದಾಖಲೆಯ ಬಲ ಇದ್ದರೆ ಒಪ್ಪಬಹುದು. ಅಂದರೆ ಅಂದಿನಿಂದಲೇ ಖಾತೆ ಬೇರೆ ಬೇರೆಯಾಗಿ, ಪಹಣಿ ಬೇರೆಯಾಗಿ, ಕಂದಾಯ ಬೇರೆ ಬೇರೆ ಕಟ್ಟಿಕೊಂಡು, ಸೊಸೈಟಿ ಸಾಲವನ್ನೂ ಅವರವರೇ ತಂದುಕೊಂಡು ಬಂದಿದ್ದರೆ ಅಣ್ಣನ ಮಾತಿಗೆ ಬಲ ಬರುತ್ತೆ.

ಅಂಥ ಪತ್ರ ಕೈಗೆ ಬಂದರೆ ಮೊದಲು ತಿರುಗಿಸಿ ನೋಡಿ. ಹಳೇ ಛಾಪಾ ಕಾಗದದ ಹಿಂದೆ ಮಾರಿದವರ ಸೀಲು, ಯಾರ ಹೆಸರಿಗೆ ಕೊಂಡದ್ದು, ಯಾವ ದಿನ ಕೊಂಡದ್ದು ಎಲ್ಲ ಇರುತ್ತೆ. ಮುಂದುಗಡೆ ಪಾಲಾದದ್ದು 1998 ಅಂತ ಬರೆದು, ಹಿಂದುಗಡೆ ಕಾಗದ ಕೊಂಡ ತಾರೀಕು 2009 ಅಂತ ಇದ್ದರೆ ಇನ್ನೇನು ಹೇಳಬೇಕು? ಬರೆಸುವವರು ಮುಂದುಗಡೆಯನ್ನೇ ಜೋಪಾನವಾಗಿ ನೋಡಿಕೊಂಡಿರುತ್ತಾರೆ.

ಅಪ್ಪನೇ ಜಮೀನು ಮಾರಿಬಿಟ್ಟಿದ್ದಾರೆ. ಕೊಂಡವರ ಮೇಲೆ ಹೋಗಬಹುದಾ?

ಮತ್ತೆ ತಾರೀಕು. 20 ಡಿಸೆಂಬರ್ 2004ಕ್ಕಿಂತ ಮುಂಚಿನ ರಿಜಿಸ್ಟರ್ಡ್ ಕ್ರಯವಾಗಿದ್ದರೆ ಮಗಳ ಹಕ್ಕಿನ ಮೇಲೆ ಅದನ್ನು ಮುಟ್ಟಲು ಆಗಲ್ಲ. ಆಮೇಲಿನದಾಗಿದ್ದರೆ, ಮನೆಯ ಯಜಮಾನನಾಗಿ ಅಪ್ಪ ಕುಟುಂಬದ ಅಗತ್ಯಕ್ಕೆ ಮಾರಿದರಾ ಅನ್ನುವ ಪ್ರಶ್ನೆ ಬರುತ್ತೆ. ಸಾಲ ತೀರಿಸಲು, ಮಕ್ಕಳ ಮದುವೆಗೆ, ಆಸ್ಪತ್ರೆಗೆ ಮಾರಿದ್ದರೆ ಕೊಂಡವರ ಕೈ ಮೇಲೆ. ನಿಮ್ಮ ಮದುವೆಗೇ ಮಾರಿದ್ದ ಹೊಲದ ಮೇಲೆ ನೀವೇ ದಾವೆ ಹಾಕಿದರೆ ಜಡ್ಜ್ ಏನು ಕೇಳುತ್ತಾರೆ ಅಂತ ಮೊದಲೇ ಯೋಚನೆ ಮಾಡಿ.

"ಮದುವೆಗೆ ಅಷ್ಟು ಖರ್ಚು ಮಾಡಿದ್ದೀವಿ, ಒಡವೆ ಹಾಕಿದ್ದೀವಿ, ಇನ್ನೇನು ಪಾಲು" ಅಂತಾರೆ.

ಮದುವೆ ಖರ್ಚನ್ನು ಪಾಲಿನಲ್ಲಿ ಕಳೆಯಲು ಬರಲ್ಲ. ಹಕ್ಕು ಬಿಡಬೇಕು ಅಂದರೆ ರಿಜಿಸ್ಟರ್ಡ್ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ಬಾಯಲ್ಲಿ "ನನಗೇನೂ ಬೇಡ ಕಣಣ್ಣ" ಅಂದದ್ದು ಹಕ್ಕು ಬಿಟ್ಟ ಹಾಗಲ್ಲ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಹಬ್ಬಕ್ಕೆ ಅಂತ ತಂಗಿಯನ್ನು ಕರೆಸಿ, ಅರಿಶಿನ-ಕುಂಕುಮಕ್ಕೆ ಅಂತ ಒಂದು ಸೀರೆ, ಒಂದಿಷ್ಟು ದುಡ್ಡು ಕೈಗಿಟ್ಟು, "ಪೌತಿ ಖಾತೆಗೆ ಒಂದು ಸೈನ್ ಬೇಕಮ್ಮ" ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಕರೆದುಕೊಂಡು ಹೋಗುವವರಿದ್ದಾರೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗುವುದು ಕಂದಾಯ ಇಲಾಖೆಯಲ್ಲಿ. ಅದಕ್ಕೆ ಸಬ್ ರಿಜಿಸ್ಟ್ರಾರ್ ಮುಂದೆ ಕೂತು ಫೋಟೋ, ಹೆಬ್ಬೆಟ್ಟು ಕೊಡುವ ಅಗತ್ಯವೇ ಇಲ್ಲ. ಅಲ್ಲಿಗೆ ಕರೆದರೆ ಅದು ಪತ್ರ ಬರೆಸಿಕೊಳ್ಳುವುದಕ್ಕೇ. ಓದಿಸಿಕೊಳ್ಳದೆ ಸೈನ್ ಹಾಕಬೇಡಿ. ಒಂದು ಸಲ ರಿಜಿಸ್ಟರ್ ಆದಮೇಲೆ ಮೋಸ ಆಯ್ತು ಅಂತ ತೋರಿಸುವ ಹೊರೆ ನಿಮ್ಮ ತಲೆ ಮೇಲೆ ಬರುತ್ತೆ.

ಅಪ್ಪ ಸ್ವಂತ ದುಡಿದು ತೆಗೆದುಕೊಂಡ ಸೈಟಿಗೂ ಇದೇ ಲೆಕ್ಕನಾ?

ಅಲ್ಲ. ಸ್ವಯಾರ್ಜಿತವನ್ನು ಅವರು ಯಾರಿಗೆ ಬೇಕಾದರೂ ಕೊಡಬಹುದು, ಮಾರಬಹುದು, ವಿಲ್ ಬರೆಯಬಹುದು. ಏನೂ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇದ್ದರೆ ಅವರು, ಎಲ್ಲರಿಗೂ ಸಮ. ವಿಲ್ಲು ರಿಜಿಸ್ಟರ್ ಆಗಲೇಬೇಕು ಅಂತಿಲ್ಲ, ಆದರೆ ಇಬ್ಬರು ಸಾಕ್ಷಿಗಳಿರಬೇಕು, ತಕರಾರು ಬಂದಾಗ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಅದಕ್ಕೇ ಸಾಕ್ಷಿಗೆ ಎಂಬತ್ತು ದಾಟಿದವರನ್ನು ಕರೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಪಹಣಿ ಪೂರ್ತಿ ಅಣ್ಣನ ಹೆಸರಿಗಿದೆ. ನಮ್ಮ ಹಕ್ಕು ಹೋಯ್ತಾ?

ಹೋಗಲಿಲ್ಲ. ಖಾತೆ ಅನ್ನುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನುವ ಲೆಕ್ಕ. ಮಾಲೀಕತ್ವವನ್ನು ಅದು ತೀರ್ಮಾನ ಮಾಡಲ್ಲ. ಕೋರ್ಟುಗಳು ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಜನ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟು, ಡಿ.ಸಿ. (ಜಿಲ್ಲಾಧಿಕಾರಿ) ಕೋರ್ಟು ಅಂತ ವರ್ಷಗಟ್ಟಲೆ ಓಡಾಡುವುದು ಬಿಟ್ಟಿಲ್ಲ. ತಹಶೀಲ್ದಾರ್ ಮಾಡಿದ ಮ್ಯುಟೇಶನ್ (ಖಾತೆ ಬದಲಾವಣೆ) ಮೇಲೆ ಎ.ಸಿ.ಗೆ ಅಪೀಲು, ಅದರ ಮೇಲೆ ಡಿ.ಸಿ.ಗೆ ರಿವಿಷನ್, ಅದರ ಮೇಲೆ ಹೈಕೋರ್ಟಿಗೆ ರಿಟ್. ಇಷ್ಟೆಲ್ಲ ಆದಮೇಲೆ ಬರುವ ಆದೇಶ ಏನು ಗೊತ್ತಾ? ಬಹುತೇಕ ಸಲ "ಸಿವಿಲ್ ಕೋರ್ಟಿಗೆ ಹೋಗಿ". ಹಕ್ಕಿನ ತಕರಾರಿಗೆ ಸಿವಿಲ್ ಕೋರ್ಟೇ ಜಾಗ ಅಂತ ಹೈಕೋರ್ಟಿನ ಪೂರ್ಣಪೀಠ 2002ರಷ್ಟು ಹಿಂದೆಯೇ ಹೇಳಿದೆ. ಬೇಕಾದರೆ ಖಾತೆ ಆಗುವ ಮುಂಚೆ ತಕರಾರು ಅರ್ಜಿ ಕೊಡಿ, ಅದು ಒಳ್ಳೆಯದೇ. ಆದರೆ ಜೊತೆಯಲ್ಲೇ ದಾವೆಯ ಯೋಚನೆ ಮಾಡಿ. ನಿಮ್ಮನ್ನು ಪಾಲಿನಿಂದ ಹೊರಗಿಟ್ಟದ್ದು ಗೊತ್ತಾದ ದಿನದಿಂದ ದಾವೆಗೆ 12 ವರ್ಷದ ಗಡುವಿದೆ. ಆ ಗಡುವು ಕಂದಾಯ ಕಚೇರಿಯಲ್ಲಿ ಕೂತವರಿಗಾಗಿ ಕಾಯಲ್ಲ.

ಪಾಲಿನ ದಾವೆಗೆ ಕೋರ್ಟ್ ಫೀಸೇ ಲಕ್ಷಗಟ್ಟಲೆ ಅಂತಾರಲ್ಲ?

ಎಲ್ಲರಿಗೂ ಅಲ್ಲ. ಕರ್ನಾಟಕದ ಕೋರ್ಟ್ ಫೀ ಕಾಯ್ದೆಯ 35ನೇ ಕಲಂ ನೋಡಿ. ಆಸ್ತಿ ಒಟ್ಟು ಕುಟುಂಬದ ಸ್ವಾಧೀನದಲ್ಲಿದೆ, ನಾನೂ ಅದರಲ್ಲಿ ಒಬ್ಬಳು ಅಂತ ದಾವೆ ಹಾಕಿದರೆ ಫೀಸು 200 ರೂಪಾಯಿ. ಹೌದು, ಇನ್ನೂರೇ. ನನ್ನನ್ನು ಹೊರಗೆ ಹಾಕಿದ್ದಾರೆ, ಸ್ವಾಧೀನ ತಪ್ಪಿದೆ ಅಂತ ಹೋದರೆ ಮಾತ್ರ ನಿಮ್ಮ ಪಾಲಿನ ಬೆಲೆಯ ಮೇಲೆ ಫೀಸು ಬೀಳುತ್ತೆ. ದಾವೆಯಲ್ಲಿ ಇದನ್ನು ಹೇಗೆ ಬರೆಯಬೇಕು ಅನ್ನುವುದು ವಕೀಲರ ಕೆಲಸ. ಲಕ್ಷಗಟ್ಟಲೆ ಅನ್ನುವ ಮಾತನ್ನು ಸಾಮಾನ್ಯವಾಗಿ ಹಬ್ಬಿಸುವವರು ಪಾಲು ಕೊಡಬೇಕಾದವರೇ.

ಕೇಸು ಗೆದ್ದು ವರ್ಷಗಳೇ ಆದವು. ಜಮೀನು ಇನ್ನೂ ಕೈಗೆ ಬಂದಿಲ್ಲ. ಯಾಕೆ?

ನಿಮಗೆ ಬಂದಿರುವುದು ಪ್ರಾಥಮಿಕ ಡಿಕ್ರಿ ಇರಬೇಕು. ಅದರಲ್ಲಿ ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಇರುತ್ತೆ, ಯಾವ ಕಡೆಯ ಎಷ್ಟು ಗುಂಟೆ ಅಂತ ಇರಲ್ಲ. ಅದಕ್ಕೆ ಅಂತಿಮ ಡಿಕ್ರಿ ಆಗಬೇಕು. ಕೋರ್ಟ್ ಆವರಣದಲ್ಲಿ ಎಲ್ಲರೂ ಎಫ್‌ಡಿಪಿ (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಅನ್ನುವುದು ಇದನ್ನೇ. ಕಂದಾಯ ಕಟ್ಟುವ ಜಮೀನಾದರೆ ಕೋರ್ಟ್ ಅದನ್ನು ಡಿ.ಸಿ.ಗೆ ಕಳಿಸುತ್ತೆ, ಅಲ್ಲಿಂದ ತಹಶೀಲ್ದಾರರಿಗೆ, ಅವರಿಂದ ಸರ್ವೇಯರಿಗೆ. ಸರ್ವೇಯರ್ ಬಂದು ಅಳೆದು ನಕ್ಷೆ ಮಾಡಬೇಕು. ಇಲ್ಲೇ ಕೇಸು ಮಲಗುವುದು. ಒಂದು ಸಲ ಕಬ್ಬು ಎದ್ದಿದೆ, ಅಳತೆ ಚೈನು ಹಾಯಲ್ಲ ಅಂತಾರೆ. ಇನ್ನೊಂದು ಸಲ ಗದ್ದೆಯಲ್ಲಿ ನೀರಿದೆ ಅಂತಾರೆ. ನಾಲೆ ನೀರು ಇರುವ ಕಡೆ ವರ್ಷದಲ್ಲಿ ಎಷ್ಟು ದಿನ ನೆಲ ಖಾಲಿ ಇರುತ್ತೆ ಹೇಳಿ.

ಪ್ರಾಥಮಿಕ ಡಿಕ್ರಿ ಆದಮೇಲೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಅಂತಿಮ ಡಿಕ್ರಿಗೆ ಮುಂದುವರಿಯಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಕೀಲರಿಗೆ ನೆನಪಿಸಿ. ಹಳೇ ಪ್ರಾಥಮಿಕ ಡಿಕ್ರಿಯಲ್ಲಿ ಹೆಣ್ಣುಮಕ್ಕಳಿಗೆ ಕಡಿಮೆ ಪಾಲು ಬಂದಿದ್ದು, ಅಂತಿಮ ಡಿಕ್ರಿ ಇನ್ನೂ ಆಗಿಲ್ಲದಿದ್ದರೆ, ಪಾಲನ್ನು ಈಗಿನ ಕಾನೂನಿಗೆ ತಕ್ಕಂತೆ ತಿದ್ದಿಸಿಕೊಳ್ಳಬಹುದು. ನಿಧಾನ ಆದದ್ದು ಇಲ್ಲಿ ಒಂದೊಂದು ಸಲ ಲಾಭವೇ.

ಪಿಟಿಸಿಎಲ್ ಜಮೀನು ಅಂದರೆ ಏನು? ಕೊಳ್ಳಬಹುದಾ?

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪಿ ಹೋಗಬಾರದು ಅಂತ ರಾಜ್ಯ 1978ರಲ್ಲಿ ಮಾಡಿದ ಕಾಯ್ದೆ ಅದು. 1 ಜನವರಿ 1979ರಿಂದ ಜಾರಿ. ಮಂಜೂರಾತಿ ಷರತ್ತು ಮುರಿದು ಆದ ಮಾರಾಟ ಅಸಿಂಧು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟವೂ ಅಸಿಂಧು. ಹಾಗೆ ಹೋದ ಜಮೀನನ್ನು ಎ.ಸಿ. ವಾಪಸು ಮಂಜೂರುದಾರರಿಗೋ ಅವರ ವಾರಸುದಾರರಿಗೋ ಕೊಡಿಸಬಹುದು. ಅಪೀಲು ಡಿ.ಸಿ.ಗೆ. ಈ ಕಾಯ್ದೆಯನ್ನು ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಒಯ್ದರು, 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಒಂದು ತಪ್ಪು ತಿಳಿವಳಿಕೆ ಇದೆ. ದಲಿತರ ಹೆಸರಲ್ಲಿರುವ ಎಲ್ಲ ಜಮೀನೂ ಪಿಟಿಸಿಎಲ್ ಅಲ್ಲ. ಸ್ವಂತ ದುಡ್ಡಲ್ಲಿ ಬೇರೆಯವರಿಂದ ಕ್ರಯಕ್ಕೆ ತೆಗೆದುಕೊಂಡದ್ದು ಇದರಲ್ಲಿ ಬರಲ್ಲ. ಸರ್ಕಾರ ಮಂಜೂರು ಮಾಡಿದ್ದು ಮಾತ್ರ. ಗೊತ್ತಾಗಬೇಕು ಅಂದರೆ ಸಾಗುವಳಿ ಚೀಟಿ, ಅಂದರೆ ಮಂಜೂರಾದಾಗ ಸರ್ಕಾರ ಕೊಟ್ಟ ಪತ್ರ, ಕೇಳಿ. ಪರಭಾರೆ ಮಾಡಕೂಡದು (ಬೇರೆಯವರಿಗೆ ಬರೆದುಕೊಡಕೂಡದು) ಅನ್ನುವ ಷರತ್ತು, ಎಷ್ಟು ವರ್ಷ ಅನ್ನುವುದು ಅದರಲ್ಲೇ ಇರುತ್ತೆ. ಪಹಣಿಯಲ್ಲಿ 9ನೇ ಕಾಲಂ ಮಾಲೀಕರ ಹೆಸರು, 10 ಅವರಿಗೆ ಹೇಗೆ ಬಂತು ಅನ್ನುವುದು, 11 ಇತರೆ ಹಕ್ಕು ಮತ್ತು ಋಣ. ಎಲ್ಲರೂ 9ನ್ನು ನೋಡಿ ಅಡ್ವಾನ್ಸ್ ಕೊಡುತ್ತಾರೆ. 10 ಮತ್ತು 11 ನೋಡಿ. "ದರಖಾಸ್ತು" (ಸರ್ಕಾರಿ ಜಮೀನಿಗೆ ಹಾಕಿದ ಅರ್ಜಿ), "ಮಂಜೂರು" ಅಂತ ಎಲ್ಲಿ ಕಂಡರೂ ನಿಂತು, ಹಳೇ ಕೈಬರಹದ ಪಹಣಿವರೆಗೆ ಹಿಂದಕ್ಕೆ ಹೋಗಿ.

ಇಪ್ಪತ್ತೈದು ವರ್ಷದ ಹಿಂದೆ ಮಾರಿದ್ದನ್ನು ಈಗ ವಾಪಸು ಕೇಳಬಹುದಾ?

ಇವತ್ತಿನ ದೊಡ್ಡ ಜಗಳ ಇದೇ. ಮೂಲ ಕಾಯ್ದೆಯಲ್ಲಿ ಅರ್ಜಿಗೆ ಗಡುವು ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಗಡುವು ಬರೆದಿಲ್ಲದಿದ್ದರೂ ಸಮಂಜಸವಾದ ಕಾಲದೊಳಗೆ ಬರಬೇಕು, ದಶಕಗಳು ಕಳೆದ ಮೇಲೆ ಬಂದರೆ ಆಗಲ್ಲ ಅಂದಿತು. ಅದರ ಮೇಲೆ ರಾಜ್ಯದಾದ್ಯಂತ ಅರ್ಜಿಗಳು ಒಂದರ ಹಿಂದೆ ಒಂದು ವಜಾ ಆದವು. ಜಮೀನು ಕಳೆದುಕೊಂಡ ಕುಟುಂಬದವರು ಬೀದಿಗಿಳಿದು ಹೋರಾಟ ಮಾಡಿದರು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಅನ್ವಯಿಸಲ್ಲ ಅಂತ ಬರೆಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡರು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಬೇರೆ ಮಾತು ಹೇಳಿತು. ಕಾಲಮಿತಿ ಬೇರೆ, ಸುಮ್ನೆ ಕೂತು ಮಾಡಿದ ವಿಳಂಬ ಬೇರೆ. ತಿದ್ದುಪಡಿ ಮೊದಲನೆಯದನ್ನು ತೆಗೆದಿದೆ, ಎರಡನೆಯದನ್ನು ತೆಗೆದಿಲ್ಲ ಅಂತ. ಅಂದರೆ ತೀರಾ ತಡವಾದ ಅರ್ಜಿ ಈಗಲೂ ವಿಳಂಬದ ಮೇಲೆ ಬಿದ್ದುಹೋಗಬಹುದು. ನನ್ನ ಅಭಿಪ್ರಾಯ ಕೇಳಿದರೆ, ಓದು ಬರಹ ಇಲ್ಲದ ಮನೆಯವರಿಗೆ "ಬೇಗ ಯಾಕೆ ಬರಲಿಲ್ಲ" ಅಂತ ಕೇಳುವುದು ಕಠಿಣವೇ. ಆದರೆ ಎದುರುಗಡೆ, ಮೂರನೇ ಕೈಯಿಂದ ಕೊಂಡು ಬೋರು ಕೊರೆಸಿ ತೆಂಗು ಹಾಕಿದವನೂ ಒಬ್ಬ ಸಣ್ಣ ರೈತನೇ ಆಗಿರುತ್ತಾನೆ. ಮಾರಿಸಿದ ದಲ್ಲಾಳಿ ಮಾತ್ರ ಎರಡೂ ಕಡೆ ಕಾಣಿಸಲ್ಲ.

ಈಗ ಅರ್ಜಿ ಹಾಕುವವರು ಇಷ್ಟು ದಿನ ಯಾಕೆ ತಡವಾಯ್ತು ಅನ್ನುವುದನ್ನು ಬಿಡಿಸಿ ಬರೆಯಿರಿ. ಹಿಂದೆ ಕೊಟ್ಟ ಮನವಿ, ಅದಕ್ಕೆ ಕಚೇರಿ ಬರೆದುಕೊಟ್ಟ ಉತ್ತರ (ಹಿಂಬರಹ) ಏನಿದ್ದರೂ ಲಗತ್ತಿಸಿ.

ರೈತರಲ್ಲದವರೂ ಈಗ ಜಮೀನು ಕೊಳ್ಳಬಹುದಂತೆ, ನಿಜಾನಾ?

ನಿಜ. 1961ರ ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಡಿಸಿತು. ಹುಣಸೂರು ಕಡೆಯವರಿಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ. ಅದೇ ಕಾಯ್ದೆಯ 79ಎ, 79ಬಿ ಕಲಂಗಳು ಕೃಷಿಕರಲ್ಲದವರನ್ನು, ಬೇರೆ ಆದಾಯ ಜಾಸ್ತಿ ಇದ್ದವರನ್ನು ತಡೆಯುತ್ತಿದ್ದವು. ಆದಾಯದ ಮಿತಿ ಕೊನೆಗೆ 25 ಲಕ್ಷಕ್ಕೆ ಬಂದು ನಿಂತಿತ್ತು. 2020ರಲ್ಲಿ ಆ ಕಲಂಗಳನ್ನೇ ತೆಗೆದುಹಾಕಿದರು, ಬಾಕಿ ಇದ್ದ ಕೇಸುಗಳೂ ಕೈಬಿಟ್ಟುಹೋದವು. ಹಾಗಂತ ಪಿಟಿಸಿಎಲ್ ತಡೆ ಹೋಗಿಲ್ಲ. ಮಂಜೂರಾತಿ ಷರತ್ತೂ ಹೋಗಿಲ್ಲ. ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬಂದು ಮದ್ದೂರು, ಶ್ರೀರಂಗಪಟ್ಟಣದ ಕಡೆ ಜಮೀನು ನೋಡುವವರಿಗೆ ಇದನ್ನು ಯಾರೂ ಹೇಳಲ್ಲ.

ಕೊಳ್ಳುವವರು ಖರ್ಚಿನ ಲೆಕ್ಕ ಹಾಕುವಾಗ ಒಂದು ನೆನಪಿರಲಿ. 31 ಆಗಸ್ಟ್ 2025ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕ ಬೇರೆ.

ಬಗರ್ ಹುಕುಂ ಅರ್ಜಿ ಹಾಕಿದ್ದೇವೆ. ಅಷ್ಟರಲ್ಲಿ ಬಿಡಿಸಿಬಿಟ್ಟರೆ?

ಬಗರ್ ಹುಕುಂ ಅಂದರೆ ಅನುಮತಿ ಇಲ್ಲದೆ ಉಳುತ್ತಾ ಬಂದ ಸರ್ಕಾರಿ ಜಮೀನು. ಅದನ್ನು ಸಕ್ರಮ ಮಾಡಿ ಅಂತ ಕೇಳುವ ಅರ್ಜಿ ಮೊದಲು ಫಾರಂ 50, ಆಮೇಲೆ 53, 2018ರಲ್ಲಿ 57. ನೀವು ಯಾವುದರಲ್ಲಿ ಹಾಕಿದ್ದೀರಿ ಅನ್ನುವುದು ಮೊದಲು ಹುಡುಕಿ, ಸ್ವೀಕೃತಿ ಚೀಟಿ ಕಳೆಯಬೇಡಿ. ಅರ್ಜಿ ಬಾಕಿ ಇದೆ ಅಂದಮಾತ್ರಕ್ಕೆ ಹಕ್ಕು ಬಂದಂತಲ್ಲ. ಮೈಸೂರು ನಗರಪಾಲಿಕೆ ಗಡಿಯಿಂದ 10 ಕಿ.ಮೀ. ಒಳಗಿನ ಜಮೀನನ್ನು ಕಾಯ್ದೆಯೇ ಸಕ್ರಮದಿಂದ ಹೊರಗಿಟ್ಟಿದೆ. ಅಲ್ಲಿ "ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳುವವರು ಸುಳ್ಳು ಹೇಳುತ್ತಿದ್ದಾರೆ.

ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಕರೆಯಲ್ಲ. ವಾಪಸು ತಗೋಬಹುದಾ?

ಈ ಪ್ರಶ್ನೆ ಕೇಳುವವರು ಮೆಲ್ಲಗೆ ಕೇಳುತ್ತಾರೆ, ಅಕ್ಕಪಕ್ಕ ನೋಡಿಕೊಂಡು. ದಾರಿ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಬರೆಸಿಕೊಂಡವರು ನೋಡಿಕೊಳ್ಳದಿದ್ದರೆ ಪತ್ರವನ್ನು ರದ್ದು ಮಾಡಬಹುದು. 60 ದಾಟಿದವರು ಅರ್ಜಿ ಕೊಡಬೇಕಾದದ್ದು ಎ.ಸಿ. ಮುಂದೆ. ಅಪೀಲು ಡಿ.ಸಿ.ಗೆ. ಕಾಯ್ದೆ ಜಾರಿಗೆ ಬಂದ ಮೇಲೆ ಬರೆದ ಪತ್ರಕ್ಕೆ ಮಾತ್ರ ಇದು.

ತೊಡಕು ಇರುವುದು "ಷರತ್ತಿನ ಮೇಲೆ" ಅನ್ನುವುದರಲ್ಲಿ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಷರತ್ತು ಇತ್ತು ಅಂತ ತೋರಿಸಲೇಬೇಕು ಅಂದಿತು. 2025ರ ಜನವರಿಯಲ್ಲಿ ಉರ್ಮಿಳಾ ದೀಕ್ಷಿತ್ ಕೇಸಿನಲ್ಲಿ, ಕಾಯ್ದೆ ಇರುವುದೇ ಹಿರಿಯರಿಗಾಗಿ, ಅವರ ಪರವಾಗಿ ಉದಾರವಾಗಿ ಓದಬೇಕು ಅಂದಿತು. ಅಲ್ಲಿ ಮಗ ಬೇರೆ ಕಾಗದದಲ್ಲಿ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟಿದ್ದ. ನಮ್ಮ ಕಡೆ ದಾನಪತ್ರಗಳಲ್ಲಿ "ಪ್ರೀತಿ ವಿಶ್ವಾಸದಿಂದ" ಅಂತ ಬರೆದು ಮುಗಿಸುತ್ತಾರೆ. ಒಂದೇ ಒಂದು ಸಾಲು ಸೇರಿಸಿ: ನಾನು ಬದುಕಿರುವವರೆಗೆ ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು, ತಪ್ಪಿದರೆ ಪತ್ರ ರದ್ದು. ಮಗ ಒಳ್ಳೆಯವನಾದರೆ ಆ ಸಾಲಿಂದ ಅವನಿಗೇನೂ ನಷ್ಟ ಇಲ್ವಲ್ಲ.

ಕೆ.ಆರ್.ಎಸ್. ಸುತ್ತ ಕಲ್ಲು ಗಣಿ ನಿಂತಿದೆಯಲ್ಲ, ಅದು ಸರ್ಕಾರದ ಆದೇಶವಾ ಕೋರ್ಟಿನದಾ?

2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಲು ಹೇಳಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಂತೆ ಅಧ್ಯಯನ ಆಗುವವರೆಗೆ ಅಂತ. ಪಾಂಡವಪುರದ ಬೇಬಿ ಬೆಟ್ಟದ ಹೆಸರು ಎಲ್ಲರ ಬಾಯಲ್ಲಿ ಬಂದದ್ದು ಈ ಗಲಾಟೆಯಲ್ಲೇ. ನಿಮ್ಮ ಹೊಲದ ಪಕ್ಕ ರಾತ್ರಿ ಹೊತ್ತು ಸಿಡಿಮದ್ದು ಸಿಡಿದರೆ ತಹಶೀಲ್ದಾರ್, ಗಣಿ ಇಲಾಖೆ ಇಬ್ಬರಿಗೂ ಬರೆದು ಕೊಡಿ, ಹಿಂಬರಹ ಪಡೆಯಿರಿ.

ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ತೀರ್ಪಿನಿಂದ ನನ್ನ ಸೈಟಿಗೆ ಏನಾದರೂ ಆಗುತ್ತಾ?

24 ಸೆಪ್ಟೆಂಬರ್ 2024ರ ಹೈಕೋರ್ಟ್ ಆದೇಶ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ವಿರುದ್ಧ ತನಿಖೆಗೆ ರಾಜ್ಯಪಾಲರು ಕೊಟ್ಟ ಅನುಮತಿಯ ಬಗ್ಗೆ. ನಿಮ್ಮ ಹಂಚಿಕೆ ಸೈಟಿನ ಖಾತೆಯ ಬಗ್ಗೆ ಅಲ್ಲ. ನಿಮ್ಮ ಹೆಸರಿಗೆ ನೋಟಿಸು ಬಂದರೆ ಮಾತ್ರ ಓಡಿ.

ವಕೀಲರನ್ನು ಇಡಲು ದುಡ್ಡಿಲ್ಲ. ಏನು ಮಾಡೋದು?

ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಬೇರೆಯವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮಂಡ್ಯದಲ್ಲೂ ಮೈಸೂರಿನಲ್ಲೂ ಜಿಲ್ಲಾ ಕೋರ್ಟಿನಲ್ಲೇ ಇದೆ. ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿ ಇದೆ. ಫೋನ್ ನಂಬರ್ 15100.

ಅಣ್ಣತಮ್ಮಂದಿರ, ಅಕ್ಕತಂಗಿಯರ ಕೇಸಾದರೆ ಲೋಕ ಅದಾಲತ್‌ಗೆ ಒಪ್ಪಿ ನೋಡಿ ಅಂತ ನಾನು ಹೇಳುತ್ತೇನೆ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆ ಇದೆ, ಕಟ್ಟಿದ ಕೋರ್ಟ್ ಫೀಸು ವಾಪಸು ಬರುತ್ತೆ. ಆದರೆ ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ರಾಜಿ ಪತ್ರದಲ್ಲಿ ಸರ್ವೇ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕು ಕಡೆಯ ಗಡಿ), ಬಾವಿ ನೀರು ಯಾರಿಗೆ ಯಾವ ದಿನ, ಗಾಡಿ ದಾರಿ ಎಲ್ಲಿಂದ, ಎಲ್ಲ ಬರೆಸಿದ ಮೇಲೆ ಸೈನ್ ಹಾಕಿ. ಹೋಗುವಾಗ ಪಹಣಿ, ವಂಶವೃಕ್ಷ, ಇ.ಸಿ. (ಋಣಭಾರ ಪ್ರಮಾಣಪತ್ರ), ಅಪ್ಪನ ಮರಣ ಪ್ರಮಾಣಪತ್ರ ಎಲ್ಲದರ ಜೆರಾಕ್ಸ್ ಎರಡು ಸೆಟ್ ಇಟ್ಟುಕೊಳ್ಳಿ. ಮೂಲಪತ್ರಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ, ನನ್ನ ಕೈಗೂ.